88 ದಿನಗಳ ಕೆಲಸ, ದೂರದ ಊರಿನ ಪಬ್

ಪಶ್ಚಿಮ ಆಸ್ಟ್ರೇಲಿಯಾದ ಕೂಲ್‌ಗಾರ್ಡಿ 1892ರಲ್ಲಿ ಚಿನ್ನ ಸಿಕ್ಕಿದ್ದರಿಂದ ಹುಟ್ಟಿಕೊಂಡ ಪಟ್ಟಣ. ಪರ್ತ್ ನಗರದಿಂದ ಸುಮಾರು 550 ಕಿ.ಮೀ. ದೂರ. ಒಂದು ಕಾಲದಲ್ಲಿ ಸಾವಿರಾರು ಜನರಿಂದ ತುಂಬಿದ್ದ ಈ ಊರಿನಲ್ಲಿ ಇಂದು ಸಾವಿರಕ್ಕೂ ಕಡಿಮೆ ಮಂದಿ ಇದ್ದಾರೆ. ಕೈಯಲ್ಲಿ ಹಣವಿಲ್ಲದೆ ಅಲ್ಲಿನ ಪಬ್‌ಗೆ ಕೆಲಸಕ್ಕೆ ಬಂದ ಫಿನ್‌ಲೆಂಡಿನ ಇಬ್ಬರು ಯುವತಿಯರು ಅನುಭವಿಸಿದ ಅಶ್ಲೀಲ ಮಾತು, ಕುಡುಕರ ಕಾಟಗಳನ್ನು ಪೀಟ್ ಗ್ಲೀಸನ್ ಅವರ ‘ಹೋಟೆಲ್ ಕೂಲ್‌ಗಾರ್ಡಿ’ (2016) ಸಾಕ್ಷ್ಯಚಿತ್ರ ತೋರಿಸಿತು. ಅದರಿಂದ ಪ್ರೇರಣೆ ಪಡೆದು ಕಿಟ್ಟಿ ಗ್ರೀನ್ 2023ರಲ್ಲಿ ‘ದ ರಾಯಲ್ ಹೋಟೆಲ್’ ಚಲನಚಿತ್ರ ನಿರ್ದೇಶಿಸಿದರು.

ಇದು ಕೆಲವು ಕುಡುಕರ ಕತೆ ಮಾತ್ರವೇ? ನಮಗೆ ಹಾಗನಿಸುವುದಿಲ್ಲ. ಆ ಯುವತಿಯರನ್ನು ಅಲ್ಲಿಗೆ ತಂದದ್ದು ಹಣದ ಅಡಚಣೆ. ಇಂದು ಅದರೊಂದಿಗೆ ವೀಸಾ ನಿಯಮವೂ ಸೇರಿಕೊಂಡಿದೆ. ಪ್ರವಾಸದ ಜತೆ ಕೆಲಸಕ್ಕೆ ಅವಕಾಶವಿರುವ ವೀಸಾದಲ್ಲಿ ಎರಡನೇ ವರ್ಷ ಉಳಿಯಬೇಕಾದರೆ, ನಗರಗಳಿಂದ ದೂರ ಹೋಗಿ ಮೂರು ತಿಂಗಳು, ಅಂದರೆ 88 ದಿನ, ನಿಗದಿತ ಕೆಲಸ ಮಾಡಬೇಕು. 2021ರಿಂದ ದೂರದ ಪ್ರದೇಶಗಳ ಹೋಟೆಲ್, ಪಬ್ ಕೆಲಸವೂ ಈ ಲೆಕ್ಕಕ್ಕೆ ಬರುತ್ತದೆ. ಸಂಬಳ, ವಸತಿ, ಕೆಲಸದ ದಾಖಲೆ ಮೂರೂ ಒಬ್ಬನೇ ಮಾಲೀಕನ ಕೈಯಲ್ಲಿದ್ದರೆ, ದೂರು ಕೊಟ್ಟ ಹುಡುಗಿ ಅದೇ ರಾತ್ರಿ ಮಲಗುವ ಜಾಗವನ್ನೂ ಕಳೆದುಕೊಳ್ಳಬಹುದು. ಇಲ್ಲಿ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ.

2024ರ ಜುಲೈಯಿಂದ ಬ್ರಿಟನ್ನಿನವರಿಗೆ ಈ ಷರತ್ತು ಇಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 18ರಿಂದ 30 ವರ್ಷದ ಭಾರತೀಯರಿಗೆ, ಚೀಟಿ ಎತ್ತುವ ಕ್ರಮದಲ್ಲಿ ವರ್ಷಕ್ಕೆ 1,000ದಂತೆ, ಇಂಥದೇ ವೀಸಾ ತೆರೆಯಿತು. ಅವರಿಗೆ ಷರತ್ತು ಉಂಟು. ಒಂದು ದೇಶದವರಿಗೆ ಕೈಬಿಡಬಹುದಾದ ನಿಯಮ ಇನ್ನೊಂದು ದೇಶದವರಿಗೆ ಏಕೆ ಬೇಕು ಎಂದು ಕೇಳಬೇಕಾಗಿದೆ.

ಗಲ್ಫ್, ಇಸ್ರೇಲ್‌ಗಳಿಗೆ ಮಕ್ಕಳನ್ನು ಕಳುಹಿಸಿದ ಕರಾವಳಿಯ ಕುಟುಂಬಗಳಿಗೆ ದೂರದ ದುಡಿಮೆ ಹೊಸದಲ್ಲ. ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ಹೊರಡುವ ಮೊದಲು ಕೆಲಸದ ಜಾಗ ಎಲ್ಲಿ, ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಉಂಟೇ, ಹತ್ತಿರದ ಬಸ್ಸು ಎಷ್ಟು ದೂರ ಎಂದು ಕೇಳಿ ತಿಳಿಯಿರಿ. ಪಾಸ್‌ಪೋರ್ಟ್ ಯಾರ ಕೈಗೂ ಒಪ್ಪಿಸಬೇಡಿ. ಹಿಂದಿರುಗುವ ಖರ್ಚನ್ನು ಬೇರೆಯೇ ಇಟ್ಟುಕೊಳ್ಳಿ. ಅಲ್ಲಿನ ಕನಿಷ್ಠ ವೇತನ ಕಾನೂನು ವೀಸಾದಲ್ಲಿ ಬಂದವರಿಗೂ ಅನ್ವಯಿಸುತ್ತದೆ. ದೂರು ಕೇಳಲು ‘ಫೇರ್ ವರ್ಕ್ ಓಂಬುಡ್ಸ್‌ಮನ್’ ಎಂಬ ಸರಕಾರಿ ಕಚೇರಿಯಿದೆ. ತುರ್ತು ಸಂಖ್ಯೆ 000.

ಹೆತ್ತವರಲ್ಲಿ ನಮ್ಮದೊಂದು ವಿನಂತಿ: ಮಗಳು ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಬಂದರೆ ಖರ್ಚಾದ ಹಣದ ಮಾತೆತ್ತಬೇಡಿ, ಊರಿನವರು ಏನೆನ್ನುವರೋ ಎಂದು ಅಂಜಬೇಡಿ. ಹಾಗೆ ಬರಬಹುದು ಎಂಬ ಧೈರ್ಯವನ್ನು ಹೊರಡುವ ಮೊದಲೇ ಆಕೆಗೆ ಕೊಡಿ.