ನಾಯಿಯ ಅಂಗಾಲು ಮತ್ತು ಡಾಂಬರು ರಸ್ತೆ

ನಾಯಿಯು ಹುಟ್ಟುವಾಗಲೇ ಚಪ್ಪಲಿ ತೊಟ್ಟು ಬಂದಿದೆ, ಅದಕ್ಕೆ ಬಿಸಿಲೇನು ಮಾಡೀತು ಎಂದು ಭಾವಿಸುವವರು ನಮ್ಮಲ್ಲಿ ಹಲವರಿದ್ದಾರೆ. ಅದರ ಅಂಗಾಲಿನ ಮೆತ್ತೆಗಳ ಹೊರಚರ್ಮ ದಪ್ಪವಾದುದೇನೋ ನಿಜ. ಒಳಗೆ ಕೊಬ್ಬಿನ ಪದರವೂ ಉಂಟು. ಚಳಿಯನ್ನು ತಡೆಯುವ ಏರ್ಪಾಡಂತೂ ಬಹು ಸೊಗಸಾದುದು. ಪಾದಕ್ಕೆ ಬಿಸಿರಕ್ತವನ್ನು ತರುವ ನಾಳಗಳನ್ನು, ತಣ್ಣಗಾದ ರಕ್ತವನ್ನು ಹಿಂದಕ್ಕೊಯ್ಯುವ ಸಣ್ಣ ನಾಳಗಳು ಬಲೆಯಂತೆ ಸುತ್ತಿಕೊಂಡಿವೆ. ಒಂದರ ಉಷ್ಣವು ಇನ್ನೊಂದಕ್ಕೆ ಹರಿದು ದೇಹಕ್ಕೇ ಮರಳುತ್ತದೆ. ಜಪಾನಿನ ಸಂಶೋಧಕರು 2011ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಇದನ್ನು ವಿವರಿಸಿದರು. ಆದರೆ ಹಿಮದ ಮೇಲೆ ನಿಲ್ಲಲು ಒದಗುವ ಈ ಏರ್ಪಾಡನ್ನು ನಂಬಿ, ವೈಶಾಖದ ಡಾಂಬರಿನ ಮೇಲೆ ನಾಯಿಯನ್ನು ನಡೆಸುವುದು ತರವಲ್ಲ.

ಬೇಸಗೆಯಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಅದು ಗಾಳಿಯಾಡುವ ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿ, ನೆಲದಿಂದ ಎದೆಯೆತ್ತರದಲ್ಲಿಟ್ಟ ಉಷ್ಣಮಾಪಕದ ಲೆಕ್ಕ. ನಾಯಿ ಆ ಪೆಟ್ಟಿಗೆಯೊಳಗೆ ನಡೆಯುವುದಿಲ್ಲವಷ್ಟೆ! ಕಪ್ಪು ಡಾಂಬರು ತನ್ನ ಮೇಲೆ ಬಿದ್ದ ಬಿಸಿಲಿನ ಬಹುಭಾಗವನ್ನು ಹೀರಿಕೊಳ್ಳುತ್ತದೆ. ಗಾಳಿಯಾಡದ ನಡುಹಗಲಿನಲ್ಲಿ ಅದರ ಮೇಲ್ಮೈ 60 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಅಷ್ಟು ಬಿಸಿಯಾದ ನೀರು ತಗುಲಿದರೆ ಮನುಷ್ಯನ ಚರ್ಮ ಸುಡಲು ಸುಮಾರು 5 ಸೆಕೆಂಡು ಸಾಕೆಂಬುದು ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬವರ 1947ರ ಪ್ರಯೋಗಗಳಿಂದ ತಿಳಿದಿದೆ. ಒಣ ರಸ್ತೆಯ ಮೇಲೆ ದಪ್ಪ ಮೆತ್ತೆ ಇನ್ನಷ್ಟು ಹೊತ್ತು ತಡೆದೀತು. ಆದರೆ ನಮ್ಮ ವಿಹಾರ ಅರ್ಧ ಗಂಟೆಯದು.

ಬೀದಿಯ ನಾಯಿ ತಾನಾಗಿ ನೆರಳಿಗೆ ಹೋಗಿ ಮಲಗುತ್ತದೆ. ಕೊರಳಿಗೆ ಸರಪಳಿ ಬಿದ್ದ ನಾಯಿಗೆ ಆ ಸ್ವಾತಂತ್ರ್ಯವಿಲ್ಲ. ಹೊತ್ತನ್ನೂ ದಾರಿಯನ್ನೂ ಆರಿಸುವವರು ನಾವು. ಬಿಸಿಲಿಳಿಯಿತೆಂದು ಸಂಜೆ ಐದಕ್ಕೇ ಹೊರಡುವ ವಾಡಿಕೆಯನ್ನೂ ನಾವು ಒಪ್ಪಲಾರೆವು. ಗಾಳಿ ತಂಪಾದರೂ, ಹಗಲೆಲ್ಲ ಕೂಡಿಟ್ಟ ಉಷ್ಣವನ್ನು ರಸ್ತೆಯು ಸೂರ್ಯ ಮುಳುಗಿದ ಮೇಲೂ ನಿಧಾನವಾಗಿ ಬಿಡುತ್ತಿರುತ್ತದೆ. ಮುಂಜಾನೆಯೇ ಮೇಲು. ಸಂದೇಹವಿದ್ದಲ್ಲಿ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ 7 ಸೆಕೆಂಡು ಹಿಡಿದು ನೋಡಬಹುದು. ನಮಗೆ ತಡೆಯಲಾಗದಿದ್ದರೆ ನಾಯಿಯನ್ನು ಹುಲ್ಲಿನ ಮೇಲೆಯೋ ಮರದ ನೆರಳಿನ ಮಣ್ಣಿನ ಮೇಲೆಯೋ ನಡೆಸತಕ್ಕದ್ದು. ಹುಲ್ಲು ನೀರನ್ನು ಆವಿಯಾಗಿಸುತ್ತ ತನ್ನನ್ನು ತಾನೇ ತಂಪಾಗಿರಿಸಿಕೊಳ್ಳುತ್ತದೆ.

ಮನೆಗೆ ಬಂದ ಮೇಲೆ ಪಾದವನ್ನು ತೊಳೆದು, ಬೆರಳುಗಳ ಸಂದಿನಲ್ಲಿ ಮುಳ್ಳು, ಕಲ್ಲು, ಅಂಟಿದ ಡಾಂಬರು ಇದೆಯೇ ಎಂದು ನೋಡಬೇಕು. ನಾಯಿ ಕುಂಟುತ್ತಿದ್ದರೆ, ಪಾದವನ್ನು ಬಿಡದೆ ನೆಕ್ಕುತ್ತಿದ್ದರೆ, ಮೆತ್ತೆ ಕೆಂಪಾಗಿಯೋ ಬೊಬ್ಬೆಯೆದ್ದೋ ಇದ್ದರೆ, ತಣ್ಣೀರು ಹಾಯಿಸಿ ಪಶುವೈದ್ಯರ ಬಳಿಗೆ ಒಯ್ಯಬೇಕು. ಬೆಣ್ಣೆ, ಎಣ್ಣೆಗಳನ್ನು ಸವರುವುದು ಬೇಡ, ಮಂಜುಗಡ್ಡೆಯೂ ಬೇಡ.