ಒಂದೇ ಅಂಗಡಿಗೆ ಬರೆದುಕೊಡಬೇಕೆ?

ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಕೂತವರಿಗೆ ಈ ನಿಯಮ ಗೊತ್ತಿರುತ್ತದೆ: ಒಬ್ಬ ವಿದ್ಯಾರ್ಥಿಗೆ ಒಂದೇ ಆಫರ್. ಮೊದಲ ಕಂಪನಿ ಆಯ್ಕೆ ಮಾಡಿಕೊಂಡಿತೆಂದರೆ, ಮುಂದಿನ ವಾರ ದುಪ್ಪಟ್ಟು ಸಂಬಳದ ಕಂಪನಿ ಬಂದರೂ ನೀವು ಹಾಲ್‌ನ ಹೊರಗೆ. ಎಲ್ಲ ಕಾಲೇಜುಗಳಲ್ಲಿ ಹೀಗಿಲ್ಲ, ಆದರೆ ಬಹಳ ಕಡೆ ಇದೆ. ಕೈಗೆ ಬಂದದ್ದನ್ನು ಹಿಡಿಯಬೇಕೋ ಕಾಯಬೇಕೋ ಎಂಬ ಆ ತಳಮಳವನ್ನೇ ಈಗ ತಾವೇ ಬರೆದು ತಾವೇ ಪ್ರಕಟಿಸುವ ಲೇಖಕರೂ ಅನುಭವಿಸುತ್ತಿದ್ದಾರೆ. ಇ–ಪುಸ್ತಕವನ್ನು ಒಂದೇ ಅಂಗಡಿಗೆ ಬರೆದುಕೊಡುವ ‘ಎಕ್ಸ್‌ಕ್ಲೂಸಿವ್’ ಒಪ್ಪಂದ ಅದಕ್ಕೆ ಕಾರಣ.

ಇವುಗಳಲ್ಲಿ ಹೆಚ್ಚು ಚರ್ಚೆಯಾಗುವುದು ಅಮೆಜಾನ್‌ನ ‘ಕೆಡಿಪಿ ಸೆಲೆಕ್ಟ್’. ಕಿಂಡಲ್‌ನಲ್ಲಿ ಪುಸ್ತಕ ಪ್ರಕಟಿಸಲು ಯಾವ ನಿರ್ಬಂಧವೂ ಇಲ್ಲ. ಅದು ಯಾರಿಗೂ ತೆರೆದಿದೆ, ಉಚಿತ. ಸೆಲೆಕ್ಟ್ ಎಂಬುದು ಅದರೊಳಗಿನ ಇನ್ನೊಂದು ಕೋಣೆ. ಅಲ್ಲಿಗೆ ಹೋದರೆ 90 ದಿನ ನಿಮ್ಮ ಇ–ಪುಸ್ತಕ ಬೇರೆಲ್ಲೂ ಇರುವಂತಿಲ್ಲ. ಗೂಗಲ್ ಪ್ಲೇ, ಆ್ಯಪಲ್ ಬುಕ್ಸ್ ಮಾತ್ರವಲ್ಲ, ನಿಮ್ಮದೇ ಬ್ಲಾಗಿನಲ್ಲೂ ಇಲ್ಲ. ಉಚಿತವಾಗಿ ಕೊಟ್ಟರೂ ತಪ್ಪೇ. ಮಾದರಿಗೆಂದು ಶೇ 10ರಷ್ಟು ಭಾಗವನ್ನು ಹೊರಗೆ ತೋರಿಸಬಹುದು. ಮುದ್ರಿತ ಪ್ರತಿಗೆ ಈ ಕಟ್ಟು ಅನ್ವಯಿಸುವುದಿಲ್ಲ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿ ಮಾರಿದರೂ ತಕರಾರಿಲ್ಲ. 90 ದಿನ ಮುಗಿದಾಗ ನೀವು ಸುಮ್ಮನಿದ್ದರೆ ಒಪ್ಪಂದ ತಾನಾಗಿಯೇ ಮತ್ತೆ 90 ದಿನಕ್ಕೆ ಮುಂದುವರಿಯುತ್ತದೆ.

ನಾನು ಇದನ್ನೆಲ್ಲ ಓದಲು ಕೂತದ್ದು ಕುತೂಹಲಕ್ಕಲ್ಲ. ನಾನೂ ನನ್ನ ರೂಮ್‌ಮೇಟೂ ಸೇರಿ ಕನ್ನಡ ಮಾಧ್ಯಮದಿಂದ ಬಿ.ಇ.ಗೆ ಬಂದ ಜೂನಿಯರ್‌ಗಳಿಗಾಗಿ ಡೇಟಾ ಸ್ಟ್ರಕ್ಚರ್ಸ್ ವಿಷಯವನ್ನು ಸರಳ ಇಂಗ್ಲಿಷ್‌ನಲ್ಲಿ ಬರೆದಿದ್ದೇವೆ. ಸುಮಾರು 140 ಪುಟ. ಅದನ್ನು ಕಿಂಡಲ್‌ಗೆ ಹಾಕಿ ಮುಂದಿನ ಸೆಮಿಸ್ಟರಿನ ಪರೀಕ್ಷಾ ಶುಲ್ಕವಾದರೂ ಹುಟ್ಟಿಸಬೇಕು ಎಂಬುದು ಅವನ ಲೆಕ್ಕ. ಪಿಡಿಎಫ್ ಆಗಲೇ ಹಾಸ್ಟೆಲಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ, ಅದು ಓಡಾಡಲಿ ಎಂಬುದು ನನ್ನ ವಾದ. ‘ಪುಕ್ಕಟೆ ಕೊಟ್ಟರೆ ಯಾರೂ ಓದಲ್ಲ ಕಣೋ, ಫೋನಲ್ಲಿ ಇಟ್ಕೊಂಡು ಸುಮ್ನಾಗ್ತಾರೆ’ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ.

ಲೆಕ್ಕವನ್ನೇ ನೋಡೋಣ. ಅಮೆರಿಕದ ಗ್ರಾಹಕರಿಗೆ 2.99ರಿಂದ 9.99 ಡಾಲರ್ ಬೆಲೆಯೊಳಗೆ ಮಾರುವ ಲೇಖಕನಿಗೆ ಸೆಲೆಕ್ಟ್‌ಗೆ ಸೇರದಿದ್ದರೂ ಶೇ 70 ರಾಯಧನ ಸಿಗುತ್ತದೆ. ಭಾರತದಲ್ಲಿ ಹಾಗಿಲ್ಲ. ಭಾರತ, ಬ್ರೆಜಿಲ್, ಮೆಕ್ಸಿಕೊ, ಜಪಾನ್ ಗ್ರಾಹಕರಿಗೆ ಮಾರಾಟವಾದ ಪ್ರತಿಗೆ ಶೇ 70 ಬೇಕೆಂದರೆ ಸೆಲೆಕ್ಟ್‌ಗೆ ಸೇರಲೇಬೇಕು. ಇಲ್ಲದಿದ್ದರೆ ಶೇ 35. ನೂರು ರೂಪಾಯಿಯ ಪುಸ್ತಕ 40 ಪ್ರತಿ ಹೋಯಿತು ಎಂದಿಟ್ಟುಕೊಳ್ಳಿ. ತೆರಿಗೆ, ಫೈಲಿನ ಗಾತ್ರಕ್ಕೆ ಹಿಡಿಯುವ ಸಣ್ಣ ವೆಚ್ಚ ಬಿಟ್ಟು ಹೇಳುವುದಾದರೆ ಒಳಗಿದ್ದರೆ 2,800 ರೂಪಾಯಿ, ಹೊರಗಿದ್ದರೆ 1,400. ಆ ವ್ಯತ್ಯಾಸವನ್ನು ಉಳಿದ ಅಂಗಡಿಗಳೆಲ್ಲ ಸೇರಿ ತುಂಬಿಕೊಡಬೇಕು. ಹೆಸರೇ ಗೊತ್ತಿಲ್ಲದ ಹೊಸಬನಿಗೆ ಅವು ಅಷ್ಟು ತುಂಬಿಕೊಡುವುದು ಕಷ್ಟ. ಸ್ವಾತಂತ್ರ್ಯ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಲೇಖಕ ತೆರದ ಬೆಲೆಯನ್ನು ನಮ್ಮವರು ತೆರಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಅಲ್ಲಿಯವರವು. ಅವನ್ನು ಓದಿ ಇಲ್ಲಿ ತೀರ್ಮಾನ ಮಾಡಿದರೆ ಲೆಕ್ಕ ತಪ್ಪುತ್ತದೆ.

ಸೆಲೆಕ್ಟ್‌ನ ಇನ್ನೊಂದು ಆಕರ್ಷಣೆ ‘ಕಿಂಡಲ್ ಅನ್‌ಲಿಮಿಟೆಡ್’. ತಿಂಗಳ ಚಂದಾ ಕಟ್ಟಿದ ಓದುಗರು ಅದರಲ್ಲಿರುವ ಪುಸ್ತಕಗಳನ್ನು ಬೇಕಾದಷ್ಟು ಓದಬಹುದು. ಭಾರತಕ್ಕೆ ಅದು 2015ರಲ್ಲಿ ಬಂತು. ಆರಂಭದಲ್ಲಿ ಓದುಗ ಪುಸ್ತಕದ ಶೇ 10 ದಾಟಿದರೆ ಲೇಖಕನಿಗೆ ಇಡೀ ಎರವಲಿನ ಹಣ ಸಿಗುತ್ತಿತ್ತು. 2015ರ ಜುಲೈನಿಂದ ಪುಟದ ಲೆಕ್ಕ. ಎಷ್ಟು ಪುಟ ಓದಿಸಿಕೊಂಡಿತೋ ಅಷ್ಟಕ್ಕೇ ದುಡ್ಡು. ಒಂದು ಪುಟಕ್ಕೆ ಎಷ್ಟೆಂದು ತಿಂಗಳು ಮುಗಿದ ಮೇಲೆ ಗೊತ್ತಾಗುತ್ತದೆ, ಏಕೆಂದರೆ ಕಂಪನಿ ಆ ತಿಂಗಳಿಗೆಂದು ಘೋಷಿಸುವ ನಿಧಿಯಿಂದ ಅದನ್ನು ಹಂಚಲಾಗುತ್ತದೆ. ದರ ದೇಶದಿಂದ ದೇಶಕ್ಕೆ ಬೇರೆ. ಪುಟವೆಂದರೆ ಎಷ್ಟು ಎಂಬುದನ್ನೂ ಕಂಪನಿಯೇ ತನ್ನ ಸೂತ್ರದಿಂದ ನಿರ್ಧರಿಸುತ್ತದೆ. ಕೂಲಿ ಎಷ್ಟೆಂದು ಕೆಲಸ ಮುಗಿದ ಮೇಲೆ ಹೇಳುವ ಮೇಸ್ತ್ರಿಯ ಬಳಿ ನಮ್ಮೂರಿನಲ್ಲಿ ಯಾರೂ ಹೋಗುವುದಿಲ್ಲ.

ಪತ್ತೇದಾರಿ ಕಾದಂಬರಿ, ಪ್ರೇಮಕಥೆಗಳ ಸರಣಿ ಬರೆಯುವವರಿಗೆ ಈ ಪದ್ಧತಿ ಹೊಂದುತ್ತದೆ. ಒಮ್ಮೆ ಹಿಡಿದವರು ಕೊನೆಯ ಪುಟದವರೆಗೂ ಬಿಡುವುದಿಲ್ಲ, ಎರಡನೇ ಭಾಗವನ್ನೂ ತೆಗೆಯುತ್ತಾರೆ. ನಮ್ಮಂಥ ಪುಸ್ತಕದ ಗತಿಯೇ ಬೇರೆ. ಪರೀಕ್ಷೆಯ ಹಿಂದಿನ ರಾತ್ರಿ ‘ಲಿಂಕ್ಡ್ ಲಿಸ್ಟ್’ ಅಧ್ಯಾಯದ ಹನ್ನೆರಡು ಪುಟ ಓದಿ ಮುಚ್ಚಿಡುವ ವಿದ್ಯಾರ್ಥಿಗೆ ಅದರಿಂದ ಹತ್ತು ಅಂಕ ಬರಬಹುದು, ಲೇಖಕನಿಗೆ ಬರುವುದು ಹನ್ನೆರಡು ಪುಟದ ಚಿಲ್ಲರೆ. ಉಪಯೋಗಕ್ಕೂ ಪುಟದ ಲೆಕ್ಕಕ್ಕೂ ತಾಳೆಯಿಲ್ಲ.

ಈ ನಿಯಮ ಎಲ್ಲರಿಗೂ ಒಂದೇ ಎಂದುಕೊಳ್ಳಬೇಡಿ. ಹ್ಯಾರಿ ಪಾಟರ್ ಪುಸ್ತಕಗಳು ಕಿಂಡಲ್ ಅನ್‌ಲಿಮಿಟೆಡ್‌ನಲ್ಲೂ ಇದ್ದವು, ಅದೇ ಹೊತ್ತಿಗೆ ಬೇರೆ ಅಂಗಡಿಗಳಲ್ಲೂ ಮಾರಾಟವಾಗುತ್ತಿದ್ದವು. ಬೇಡಿಕೆ ಇದ್ದವರಿಗೆ ಷರತ್ತು ಸಡಿಲ. ಆದರೆ ಸ್ವಂತವಾಗಿ ಪ್ರಕಟಿಸಿದವರೂ ಚೌಕಾಸಿ ಮಾಡಬಲ್ಲರು ಎನ್ನುವುದಕ್ಕೆ ಅಮೆರಿಕದ ಹ್ಯೂ ಹೋವಿ ಇದ್ದಾರೆ. 2011ರಲ್ಲಿ ತಾವೇ ಕಿಂಡಲ್‌ಗೆ ಹಾಕಿದ ‘ವೂಲ್’ ಕಥೆ ಹೆಸರು ಮಾಡಿದಾಗ ದೊಡ್ಡ ಪ್ರಕಾಶಕರು ಬಂದರು. ಅವರು ಸೈಮನ್ ಆ್ಯಂಡ್ ಶೂಸ್ಟರ್‌ಗೆ ಮುದ್ರಣದ ಹಕ್ಕನ್ನಷ್ಟೇ ಕೊಟ್ಟು, ಇ–ಪುಸ್ತಕದ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡರು. ಹಕ್ಕೆಂಬುದು ಇಡಿಯಾಗಿ ಕೊಡಬೇಕಾದ ತೆಂಗಿನಕಾಯಿಯಲ್ಲ, ಹೋಳು ಮಾಡಿ ಬೇರೆ ಬೇರೆಯವರಿಗೆ ಕೊಡಬಹುದು.

ಒಂದೇ ಅಂಗಡಿಯನ್ನು ನೆಚ್ಚಿದರೆ, ಅದು ಬಾಗಿಲು ಮುಚ್ಚಿದ ದಿನ ಏನಾಗುತ್ತದೆ? ಚೀನಾದಲ್ಲಿ ಕಿಂಡಲ್ ಇ–ಪುಸ್ತಕದ ಅಂಗಡಿ 2023ರ ಜೂನ್ 30ಕ್ಕೆ ಮಾರಾಟ ನಿಲ್ಲಿಸಿತು. ನಮ್ಮಲ್ಲೇ, ಅಮೆಜಾನ್ ತಾನು ಕೊಂಡಿದ್ದ ವೆಸ್ಟ್‌ಲ್ಯಾಂಡ್ ಪ್ರಕಾಶನವನ್ನು ಮುಚ್ಚುವುದಾಗಿ 2022ರ ಫೆಬ್ರುವರಿಯಲ್ಲಿ ಹೇಳಿತು. ಅಮೀಶ್, ದೇವದತ್ತ ಪಟ್ಟನಾಯಕ್, ಚೇತನ್ ಭಗತ್ ಅವರಂಥವರ ಪುಸ್ತಕಗಳೂ ಅಲ್ಲಿದ್ದವು. ಆ ತಂಡ ಅದೇ ವರ್ಷ ಬೆಂಗಳೂರಿನ ಪ್ರತಿಲಿಪಿ ಜೊತೆ ಸೇರಿ ಮತ್ತೆ ಶುರು ಮಾಡಿತು. ಹೆಸರಾಂತ ಲೇಖಕರು ಹೇಗೋ ದಡ ಸೇರುತ್ತಾರೆ. ಮೊದಲ ಪುಸ್ತಕದವರ ಪಾಡು ಬೇರೆ.

ಕನ್ನಡದಲ್ಲಿ ಬರೆಯುವವರ ಪ್ರಶ್ನೆ ಇನ್ನೂ ಬೇರೆ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಕನ್ನಡದ ಇ–ಪುಸ್ತಕ ಬೆಳೆದದ್ದು ಮೈಲ್ಯಾಂಗ್‌ನಂಥ ನಮ್ಮವರದೇ ಆ್ಯಪ್‌ಗಳಲ್ಲಿ. ಯಾವುದೇ ಆ್ಯಪ್, ಯಾವುದೇ ಪ್ರಕಾಶಕರು ‘ನಮಗೆ ಮಾತ್ರ ಕೊಡಿ’ ಎಂದರೆ ಶೇಕಡಾವಾರು ನೋಡುವ ಮೊದಲು ಅವಧಿ ನೋಡಬೇಕು. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಭಾವಿಸುತ್ತದೆ. ಲೈಸೆನ್ಸ್‌ಗೂ ಇದೇ ಅನ್ವಯ. 2012ರ ತಿದ್ದುಪಡಿಯ ಪ್ರಕಾರ, ಒಪ್ಪಂದದ ದಿನ ಬಳಕೆಯಲ್ಲೇ ಇರದ ಮಾಧ್ಯಮದ ಹಕ್ಕು, ಅದನ್ನು ಹೆಸರಿಸಿ ಬರೆಯದಿದ್ದರೆ, ವರ್ಗವಾಗುವುದಿಲ್ಲ. ಆಡಿಯೊ ಬುಕ್ ಹಾಗಲ್ಲ, ಅದು ಈಗಾಗಲೇ ಇದೆ. ‘ಎಲ್ಲ ಡಿಜಿಟಲ್ ರೂಪಗಳು’ ಎಂಬ ಎರಡು ಮೂರು ಪದಗಳಲ್ಲಿ ಅದೂ ಕೈಬಿಟ್ಟು ಹೋಗಬಹುದು. ಪುಕ್ಕಟೆ ಆ್ಯಪ್ ಹಾಕಿಕೊಳ್ಳುವಾಗ ಷರತ್ತು ಓದದೆ ‘ಒಪ್ಪಿದೆ’ ಒತ್ತುವ ನಮ್ಮ ಅಭ್ಯಾಸ ಇಲ್ಲಿ ದುಬಾರಿ.

ಇದಕ್ಕೆ ಹೋಲಿಸಿದರೆ 90 ದಿನ ನನಗೆ ಅಂಥ ಭಯಂಕರವಾಗಿ ಕಾಣುವುದಿಲ್ಲ. ಓದುಗರೇ ಇಲ್ಲದ ಹೊಸ ಲೇಖಕ ಮೂರು ತಿಂಗಳು ಒಂದು ಕಡೆ ಇದ್ದು ನೋಡಿದರೆ ಕಳೆದುಕೊಳ್ಳುವುದು ಕಡಿಮೆ. ಈಗಾಗಲೇ ಬೇರೆ ಕಡೆ ಓದುಗರು ಇರುವವನು ಮಾತ್ರ ಎರಡು ಸಲ ಯೋಚಿಸಬೇಕು. ನಮ್ಮ ಓದುಗರು ಇರುವುದು ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲಿಗೆ ಹೋದ ಪಿಡಿಎಫ್ ಅನ್ನು ವಾಪಸ್ ಕರೆಸುವ ವಿದ್ಯೆ ಯಾರಿಗೂ ತಿಳಿಯದು, ಹಾಗಾಗಿ ಆ ಪುಸ್ತಕವನ್ನು ‘ನಿಮ್ಮಲ್ಲಿ ಮಾತ್ರ’ ಎಂದು ಬರೆದುಕೊಡುವುದು ಸುಳ್ಳಾಗುತ್ತದೆ.

ರೂಮ್‌ಮೇಟ್ ಜೊತೆ ಕೊನೆಗೆ ಆದ ರಾಜಿ ಇಷ್ಟು: ನೋಟ್ಸ್ ಉಚಿತವಾಗಿಯೇ ಇರುತ್ತದೆ. ಬಿಡಿಸಿದ ಲೆಕ್ಕಗಳು, ವೈವಾ ಪ್ರಶ್ನೆಗಳನ್ನು ಹೊಸದಾಗಿ ಬರೆದು ಬೇರೆಯೇ ಪುಸ್ತಕ ಮಾಡುತ್ತೇವೆ, ಅದರ ಒಂದು ಪುಟವನ್ನೂ ಗುಂಪಿಗೆ ಹಾಕುವುದಿಲ್ಲ. ಅದು ಸೆಮಿಸ್ಟರ್ ಶುರುವಾಗುವ ವಾರ ಸೆಲೆಕ್ಟ್‌ಗೆ ಹೋಗುತ್ತದೆ. ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಅದೇ ದಿನ ತೆಗೆದುಹಾಕುವ ಹೊಣೆ ನನ್ನದು, ತೊಂಬತ್ತನೇ ದಿನ ದುಡ್ಡಿನ ಲೆಕ್ಕ ತೋರಿಸುವ ಹೊಣೆ ಅವನದು.