ತೋಡುವ ಮುನ್ನ ಹುಡುಕಬೇಕು

ಬೀದರ ನಗರದಂಚಿನ ನೌಬಾದಿನಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಮಿಕ್ಕಿ ಸಾಗುವ ಸುರಂಗಬಾವಿಯಿದೆ. 15ನೇ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ ಅದನ್ನು ಕೊರೆದವರು ಹೊಸ ವಿದ್ಯೆ ಕಂಡುಹಿಡಿಯಲು ಹೊರಟವರಲ್ಲ. ಇರಾನಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ವಿಧಾನವನ್ನು ಅವರು ಇಲ್ಲಿಯ ಜಂಬಿಟ್ಟಿಗೆ ನೆಲಕ್ಕೆ ಒಗ್ಗಿಸಿದರು. ಜಂಬಿಟ್ಟಿಗೆಯಲ್ಲಿ ಇಂಗಿದ ನೀರು ಕೆಳಗಿನ ಕರಿಗಲ್ಲನ್ನು ಮುಟ್ಟುವ ಸಂಧಿಯನ್ನು ಅರಸುವುದಷ್ಟೇ ಅವರಿಗೆ ಉಳಿದ ಕೆಲಸವಾಗಿತ್ತು.

ಹಳ್ಳಿಯ ನೀರಿನ ಲೆಕ್ಕಕ್ಕಾಗಿ ತಂತ್ರಾಂಶ ಬರೆಯಹೊರಡುವ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ. ಭಾಲ್ಕಿ, ಔರಾದ ತಾಲ್ಲೂಕುಗಳ ಬಾವಿಗಳ ಮಟ್ಟವನ್ನಾಗಲಿ, ಮಲೆಯೂರಿನ ಒರತೆಗಳ ಹರಿವನ್ನಾಗಲಿ ದಾಖಲಿಸಬೇಕೆಂದರೆ ಹುರುಪು ಮೊದಲು ಓಡುವುದು ಹೊಸ ತಂತ್ರಾಂಶದತ್ತ. ಆದರೆ 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಓಪನ್ ಡೇಟಾ ಕಿಟ್ ಸಂಪರ್ಕವಿಲ್ಲದೆಡೆಯಲ್ಲೂ ಮೊಬೈಲಿನಲ್ಲಿ ಪ್ರಶ್ನಾವಳಿ ತುಂಬಿಸುತ್ತದೆ. ಸ್ಥಳ, ಚಿತ್ರಗಳನ್ನು ಜತೆಗೂಡಿಸುತ್ತದೆ. ಒಂದೇ ನಮೂನೆಯನ್ನು ಕನ್ನಡ, ಮರಾಠಿ, ಉರ್ದುಗಳಲ್ಲಿ ಸಿದ್ಧಪಡಿಸಬಹುದು. ನಕ್ಷೆಗೆ 2002ರಲ್ಲಿ ಮೊದಲಾದ ಕ್ಯೂಜಿಐಎಸ್ ಇದೆ. ಎರಡರ ಮೂಲಸಂಕೇತವೂ ಮುಕ್ತ.

ತಂತ್ರಾಂಶದ ನಿಜವಾದ ವೆಚ್ಚ ಬರೆಯುವುದರಲ್ಲಿಲ್ಲ, ಕಾಪಾಡುವುದರಲ್ಲಿದೆ. ಬರೆದ ವಿದ್ಯಾರ್ಥಿ ಪದವಿ ಮುಗಿಸಿ ಊರು ಬಿಡುತ್ತಾನೆ, ಮೊಬೈಲು ಬದಲಾಗುತ್ತದೆ, ತಂತ್ರಾಂಶ ತೆರೆಯದಾಗುತ್ತದೆ. ಅದರೊಳಗೆ ಸಿಲುಕಿದ ಬೇಸಿಗೆಗಳ ಅಳತೆಯನ್ನು ಮರಳಿ ಪಡೆಯಲಾಗದು. ಕಳೆದ ಬೇಸಿಗೆಯ ಬಾವಿಯನ್ನು ಯಾರೂ ಮತ್ತೆ ಅಳೆಯಲಾರರು. ಕನ್ನಡಿಗರಿಗೆ ಈ ನಷ್ಟ ಹೊಸತಲ್ಲ. ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಬಹುಕಾಲ ತಯಾರಕರು ತಮ್ಮ ತಮ್ಮ ಅಕ್ಷರ ಸಂಕೇತಗಳನ್ನೇ ಬಳಸಿದರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಗೋಜಲಾಗಿ ಕಾಣುತ್ತಿತ್ತು.

ಆದ್ದರಿಂದ ಮೊದಲ ವಾರ ಹುಡುಕಾಟಕ್ಕೆ ಮೀಸಲಾಗಲಿ. ಸಿಕ್ಕಿದ್ದನ್ನು ಕಾಲೇಜಿನ ಕೊಠಡಿಯಲ್ಲಲ್ಲ, ಬಾವಿಯ ಕಟ್ಟೆಯ ಮೇಲೆ ಪರೀಕ್ಷಿಸಬೇಕು. ಸಂಪರ್ಕವಿಲ್ಲದೆ ನಡೆಯುವುದೇ? ಕನ್ನಡ ಸರಿಯಾಗಿ ಮೂಡುವುದೇ? ತುಂಬಿದ ಮಾಹಿತಿಯನ್ನು ಬೇಕೆಂದಾಗ ಪೂರ್ತಿಯಾಗಿ ಹೊರತೆಗೆಯಬಹುದೇ? ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಊರವರು ತಾವೇ ನಡೆಸಬಲ್ಲರೇ?

ಎಲ್ಲವನ್ನೂ ಒರೆಹಚ್ಚಿದ ಮೇಲೂ ಕೊರತೆ ಉಳಿದರೆ ಬರೆಯಲೇಬೇಕು. ಆಗಲೂ ಇಡೀ ಮನೆ ಕಟ್ಟಬೇಕಿಲ್ಲ. ಇರುವ ಮನೆಗೆ ಬೇಕಾದ ಬಾಗಿಲನ್ನು ಜೋಡಿಸಿದರೆ ಸಾಕು. ಆ ಬಾಗಿಲು ಮುಕ್ತವಾಗಿದ್ದರೆ ಔರಾದಿನಲ್ಲಿ ಮಾಡಿದ್ದು ಮಲೆಯೂರಿಗೂ ಒದಗುತ್ತದೆ. ಹೀಗೆ ಉಳಿದ ದಿನಗಳನ್ನು ಬಾವಿಗಳನ್ನು ಅಳೆಯಲು ಬಳಸಬಹುದು. ಕೆಲಸ ಆರಂಭವಾದದ್ದೂ ಅದಕ್ಕಾಗಿಯೇ.